ಹೊಸ ತಂಡಕ್ಕೆ ಮಣೆ: ಅಭಿಮಾನಿಗಳ ಅನುಮಾನ ಎಷ್ಟು ಸರಿ?

ಕ್ರೀಡಾ ಲೀಗ್ ಹೊಸ ತಂಡವನ್ನು ಸೇರಿಸಿಕೊಂಡಾಗಲೆಲ್ಲ ಒಂದೇ ತೊಡಕು ಎದುರಾಗುತ್ತದೆ. ಹೊಸ ಮಾಲೀಕರ ಬಳಿ ದುಡ್ಡಿರುತ್ತದೆ, ಊರಿರುತ್ತದೆ, ಮೈದಾನವಿರುತ್ತದೆ, ಆಟಗಾರರು ಮಾತ್ರ ಇರುವುದಿಲ್ಲ. ಆಡಬಲ್ಲವರೆಲ್ಲ ಅದಾಗಲೇ ಹಳೆಯ ತಂಡಗಳ ಅಂಗಿ ತೊಟ್ಟಿರುತ್ತಾರೆ. ಅವರಲ್ಲಿ ಕೆಲವರನ್ನಾದರೂ ಬಿಡಿಸಿ ಕೊಡದಿದ್ದರೆ ಹೊಸ ತಂಡ ವರ್ಷಗಟ್ಟಲೆ ತಳದಲ್ಲೇ ಉಳಿಯುತ್ತದೆ. ಬಿಡಿಸಿ ಕೊಟ್ಟರೆ, ಆ ಆಟಗಾರರ ಹೆಸರು ಕೂಗಿ ಗಂಟಲು ಹರಿದುಕೊಂಡ ಹಳೆಯ ಅಭಿಮಾನಿಗಳು ಇದು ಪಕ್ಷಪಾತ ಎನ್ನುತ್ತಾರೆ. ಈ ಎರಡರ ನಡುವೆ ಗೆರೆ ಎಲ್ಲಿ ಎಳೆಯಬೇಕು ಎಂಬುದನ್ನು ಯಾವ ಲೀಗೂ ಒಂದೇ ಸಲಕ್ಕೆ ಸರಿಯಾಗಿ ಕಂಡುಕೊಂಡಿಲ್ಲ.

ಭಾರತದಲ್ಲಿ ಈ ಪ್ರಶ್ನೆ ಜೋರಾಗಿ ಕೇಳಿಬಂದದ್ದು 2022ರ ಐಪಿಎಲ್‌ನಲ್ಲಿ. ಆ ವರ್ಷ ಗುಜರಾತ್ ಟೈಟನ್ಸ್ ಮತ್ತು ಲಕ್ನೋ ಸೂಪರ್ ಜೈಂಟ್ಸ್ ಸೇರಿ ತಂಡಗಳ ಸಂಖ್ಯೆ ಎಂಟರಿಂದ ಹತ್ತಕ್ಕೇರಿತು. ಗುಜರಾತ್ ಲೀಗ್ ಹಂತದಲ್ಲಿ 20 ಪಾಯಿಂಟ್‌ಗಳೊಂದಿಗೆ ಮೊದಲ ಸ್ಥಾನ ಪಡೆದು, ಮೇ 29ರಂದು ಅಹಮದಾಬಾದ್‌ನ ತನ್ನದೇ ಅಂಗಳದಲ್ಲಿ ಲಕ್ಷಕ್ಕೂ ಹೆಚ್ಚು ಪ್ರೇಕ್ಷಕರ ಮುಂದೆ ರಾಜಸ್ಥಾನವನ್ನು ಸೋಲಿಸಿ ಕಪ್ ಎತ್ತಿತು. ಲಕ್ನೋ 18 ಪಾಯಿಂಟ್ ಗಳಿಸಿ ಮೂರನೆಯದಾಯಿತು. 2023ರಲ್ಲೂ ಹೆಚ್ಚು ಕಡಿಮೆ ಇದೇ ಚಿತ್ರ: ಗುಜರಾತ್ ಮತ್ತೆ ಪಟ್ಟಿಯ ತುದಿಯಲ್ಲಿ, ಫೈನಲ್‌ನಲ್ಲಿ ಕೊನೆಯ ಎಸೆತದಲ್ಲಿ ಚೆನ್ನೈಗೆ ಸೋಲು, ಲಕ್ನೋ ಮತ್ತೆ ಮೂರನೇ ಸ್ಥಾನ. 2008ರಿಂದ ಕಾಯುತ್ತಿದ್ದ, 2009, 2011 ಮತ್ತು 2016ರಲ್ಲಿ ಫೈನಲ್ ತನಕ ಹೋಗಿ ಬರಿಗೈಲಿ ಮರಳಿದ್ದ ಬೆಂಗಳೂರಿನ ಅಭಿಮಾನಿಗಳಿಗೆ, ಹುಟ್ಟಿದ ವರ್ಷವೇ ಒಂದು ತಂಡ ಕಪ್ ಗೆದ್ದದ್ದು ನುಂಗಲಾರದ ತುತ್ತಾಯಿತು. ಪಂಜಾಬ್ ಮತ್ತು ದೆಹಲಿಯ ಅಭಿಮಾನಿಗಳ ಪಾಡೂ ಬೇರೆಯಾಗಿರಲಿಲ್ಲ. ನಿಯಮಗಳನ್ನೇ ಹೊಸಬರಿಗಾಗಿ ಬರೆಯಲಾಗಿದೆ ಎಂಬ ಮಾತು ಹಬ್ಬಿತು.

ಆ ಮಾತನ್ನು ಸಿಟ್ಟಿನ ಮಾತೆಂದು ತಳ್ಳಿಹಾಕುವಂತಿಲ್ಲ, ಹಾಗೆಯೇ ಒಪ್ಪುವಂತೆಯೂ ಇಲ್ಲ. ಲೆಕ್ಕ ಹಾಕಿ ನೋಡಬೇಕಾದ ವಿಷಯವಿದು.

ನಿಯಮ ಏನಿತ್ತು

ಹೊಸ ತಂಡಗಳ ಬಿಡ್ಡಿಂಗ್ 2021ರ ಅಕ್ಟೋಬರ್ 25ರಂದು ದುಬೈನಲ್ಲಿ ನಡೆಯಿತು. ತಂಡವೊಂದಕ್ಕೆ ಮೂಲ ಬೆಲೆ 2,000 ಕೋಟಿ ರೂಪಾಯಿ. ಲಕ್ನೋವನ್ನು ಸಂಜೀವ್ ಗೋಯೆಂಕಾ ಅವರ ಆರ್‌ಪಿಎಸ್‌ಜಿ ಸಮೂಹ 7,090 ಕೋಟಿಗೆ, ಅಹಮದಾಬಾದನ್ನು ಸಿವಿಸಿ ಕ್ಯಾಪಿಟಲ್‌ನ ಸಂಸ್ಥೆ 5,625 ಕೋಟಿಗೆ ಪಡೆದವು. ಅಲ್ಲಿಗೆ ಎರಡೂ ತಂಡಗಳಿಂದ ಒಟ್ಟು 12,715 ಕೋಟಿ. 2008ರಲ್ಲಿ ಎಂಟೂ ತಂಡಗಳು ಸೇರಿ ಮಾರಾಟವಾದದ್ದು 72 ಕೋಟಿ ಡಾಲರ್‌ಗಿಂತ ಸ್ವಲ್ಪ ಹೆಚ್ಚಿಗೆ ಎಂಬುದನ್ನು ನೆನೆದರೆ ಈ ಮೊತ್ತದ ಗಾತ್ರ ತಿಳಿಯುತ್ತದೆ.

ಹಳೆಯ ಎಂಟು ತಂಡಗಳು ಗರಿಷ್ಠ ನಾಲ್ವರನ್ನು ಉಳಿಸಿಕೊಳ್ಳಬಹುದಿತ್ತು. ಅವರಲ್ಲಿ ಭಾರತೀಯರು ಮೂವರಿಗಿಂತ ಹೆಚ್ಚಿರುವಂತಿಲ್ಲ, ವಿದೇಶಿಯರು ಇಬ್ಬರಿಗಿಂತ ಹೆಚ್ಚಿರುವಂತಿಲ್ಲ. ಆಟಗಾರರಿಗೆ ಖರ್ಚು ಮಾಡಲು ಪ್ರತಿ ತಂಡಕ್ಕೆ 90 ಕೋಟಿಯ ಮಿತಿ, ಅಂದರೆ ಪರ್ಸ್. ನಾಲ್ವರನ್ನು ಉಳಿಸಿಕೊಂಡರೆ ಅದರಿಂದ 42 ಕೋಟಿ, ಮೂವರಾದರೆ 33, ಇಬ್ಬರಾದರೆ 24, ಒಬ್ಬರಾದರೆ 14 ಕೋಟಿ ಕಡಿತ. ಹಳೆಯ ತಂಡಗಳ ಪಟ್ಟಿ ನವೆಂಬರ್ 30ಕ್ಕೆ ಅಖೈರಾಯಿತು. ಉಳಿದ ಆಟಗಾರರೆಲ್ಲ ಹರಾಜಿಗೆ ಹೋಗುವ ಮುನ್ನ, ಅವರಲ್ಲಿ ಮೂವರನ್ನು ಆರಿಸಿಕೊಳ್ಳುವ ಹಕ್ಕು ಹೊಸ ತಂಡಗಳಿಗೆ ದಕ್ಕಿತು: ಇಬ್ಬರು ಭಾರತೀಯರು, ಒಬ್ಬ ವಿದೇಶಿ. ಗುಜರಾತ್ ಹಾರ್ದಿಕ್ ಪಾಂಡ್ಯ ಮತ್ತು ರಶೀದ್ ಖಾನ್‌ಗೆ ತಲಾ 15 ಕೋಟಿ, ಶುಭಮನ್ ಗಿಲ್‌ಗೆ 8 ಕೋಟಿ ಕೊಟ್ಟಿತು. ಲಕ್ನೋ ಕೆ.ಎಲ್. ರಾಹುಲ್‌ಗೆ 17 ಕೋಟಿ, ಮಾರ್ಕಸ್ ಸ್ಟೊಯಿನಿಸ್‌ಗೆ 9.2 ಕೋಟಿ, ರವಿ ಬಿಷ್ಣೋಯಿಗೆ 4 ಕೋಟಿ ಕೊಟ್ಟಿತು.

ಈಗ ಪರ್ಸ್ ನೋಡಬೇಕು. 2022ರ ಫೆಬ್ರುವರಿ 12 ಮತ್ತು 13ರಂದು ಬೆಂಗಳೂರಿನಲ್ಲಿ ನಡೆದ ಮೆಗಾ ಹರಾಜು ಶುರುವಾದಾಗ ಗುಜರಾತ್ ಕೈಯಲ್ಲಿದ್ದದ್ದು 52 ಕೋಟಿ, ಲಕ್ನೋ ಕೈಯಲ್ಲಿ ಸುಮಾರು 59 ಕೋಟಿ. ವಿರಾಟ್ ಕೊಹ್ಲಿ, ಗ್ಲೆನ್ ಮ್ಯಾಕ್ಸ್‌ವೆಲ್ ಮತ್ತು ಮೊಹಮ್ಮದ್ ಸಿರಾಜ್ ಅವರನ್ನು ಉಳಿಸಿಕೊಂಡಿದ್ದ ಬೆಂಗಳೂರಿನ ಬಳಿ 57 ಕೋಟಿ ಇತ್ತು. ಮಯಂಕ್ ಅಗರವಾಲ್ ಮತ್ತು ಅರ್ಷದೀಪ್ ಸಿಂಗ್ ಇಬ್ಬರನ್ನೇ ಉಳಿಸಿಕೊಂಡ ಪಂಜಾಬ್ 72 ಕೋಟಿ ಹಿಡಿದು ಕೂತಿತ್ತು. ಹೊಸ ತಂಡಗಳಿಗೆ ಹೆಚ್ಚು ದುಡ್ಡು ಕೊಟ್ಟರು ಎಂಬ ಆರೋಪ ಈ ಅಂಕಿಗಳ ಮುಂದೆ ನಿಲ್ಲುವುದಿಲ್ಲ. ತಲೆ ಎಣಿಕೆಯಲ್ಲೂ ಹಳಬರಿಗೆ ನಾಲ್ವರು, ಹೊಸಬರಿಗೆ ಮೂವರು.

ಹೊಸಬರಿಗೆ ನಿಜವಾಗಿ ಸಿಕ್ಕ ಅನುಕೂಲ ಬೇರೆ ಕಡೆ ಇದೆ. ಹಳೆಯ ತಂಡ ತನ್ನದೇ ಇಪ್ಪತ್ತೈದು ಮಂದಿಯಲ್ಲಿ ನಾಲ್ವರನ್ನು ಆರಿಸಬೇಕಿತ್ತು. ಹೊಸ ತಂಡ ಎಂಟೂ ತಂಡಗಳು ಬಿಟ್ಟುಕೊಟ್ಟವರೆಲ್ಲರ ನಡುವೆ ಮೂವರನ್ನು ಹೆಕ್ಕಬಹುದಿತ್ತು. ಮುಂಬೈ ರೋಹಿತ್, ಬುಮ್ರಾ, ಸೂರ್ಯಕುಮಾರ್ ಮತ್ತು ಪೊಲಾರ್ಡ್ ಅವರನ್ನು ಉಳಿಸಿಕೊಂಡ ಮೇಲೆ ಹಾರ್ದಿಕ್‌ಗೆ ಜಾಗವೇ ಇರಲಿಲ್ಲ. ಕೋಲ್ಕತ್ತ ರಸೆಲ್, ನರೈನ್, ವರುಣ್ ಮತ್ತು ವೆಂಕಟೇಶ್ ಅವರನ್ನು ಹಿಡಿದುಕೊಂಡಾಗ ಗಿಲ್ ಹೊರಗುಳಿದರು. ಬಲವಾದ ತಂಡದ ಐದನೆಯ ಆಟಗಾರ ದುರ್ಬಲ ತಂಡದ ಮೊದಲ ಆಟಗಾರನಿಗಿಂತ ಮೇಲಾಗಿರಬಹುದು. ಹೊಸಬರಿಗೆ ದೊರೆತದ್ದು ಅಂಥ ಐದನೆಯವರ ಸಾಲಿನಲ್ಲಿ ಮೊದಲು ಕೈ ಹಾಕುವ ಅವಕಾಶ, ಅದೂ ಹರಾಜಿನ ಪೈಪೋಟಿಯಿಲ್ಲದೆ. ಆಯಾ ತಂಡಕ್ಕೆ ತನ್ನ ಆಟಗಾರನನ್ನು ಹರಾಜಿನ ಬೆಲೆಗೇ ಮರಳಿ ಪಡೆಯಲು 2018ರಲ್ಲಿದ್ದ ರೈಟ್ ಟು ಮ್ಯಾಚ್ ಕಾರ್ಡನ್ನೂ ಈ ಸಲ ತೆಗೆದುಹಾಕಲಾಗಿತ್ತು. ಪಕ್ಷಪಾತದ ಆರೋಪಕ್ಕೆ ಗಟ್ಟಿ ನೆಲವಿರುವುದು ಈ ಎರಡು ಕಡೆ.

ಆದರೂ ಒಂದು ಸಂಗತಿಯನ್ನು ಬೆಂಗಳೂರಿನ ಅಭಿಮಾನಿಗಳು ಗಮನಿಸಬೇಕು. ಹರಾಜಿಗೆ ಮುನ್ನ ಆಯ್ಕೆಯಾದ ಆರು ಮಂದಿ ಬಂದದ್ದು ಮುಂಬೈ, ಹೈದರಾಬಾದ್, ಕೋಲ್ಕತ್ತ, ದೆಹಲಿಯಿಂದ ತಲಾ ಒಬ್ಬರು, ಪಂಜಾಬ್‌ನಿಂದ ಇಬ್ಬರು. ಬೆಂಗಳೂರಿನಿಂದ ಒಬ್ಬರೂ ಹೋಗಲಿಲ್ಲ. ಬೆಂಗಳೂರಿನ ತಂಡವಾದ ಆರ್‌ಸಿಬಿಯ ಮನೆಮಾತಾಗಿದ್ದ ಯಜುವೇಂದ್ರ ಚಾಹಲ್ 6.5 ಕೋಟಿಗೆ, ದೇವದತ್ತ ಪಡಿಕ್ಕಲ್ 7.75 ಕೋಟಿಗೆ ಹೋದದ್ದು ರಾಜಸ್ಥಾನಕ್ಕೆ, ಅದೂ ಹರಾಜಿನಲ್ಲಿ. ಚಾಹಲ್ ಆ ವರ್ಷ 27 ವಿಕೆಟ್ ಕಿತ್ತು, ಅತಿ ಹೆಚ್ಚು ವಿಕೆಟ್ ಪಡೆದವರಿಗೆ ಸಲ್ಲುವ ಪರ್ಪಲ್ ಕ್ಯಾಪ್ ಧರಿಸಿದರು. ಹರ್ಷಲ್ ಪಟೇಲರನ್ನು ಬೆಂಗಳೂರು 10.75 ಕೋಟಿ ಕೊಟ್ಟು ವಾಪಸು ಕೊಳ್ಳಬೇಕಾಯಿತು. ಈ ನಷ್ಟಗಳಿಗೆ ಕಾರಣ ಹೊಸ ತಂಡಗಳ ವಿಶೇಷ ಹಕ್ಕಲ್ಲ. ಕೆಲವು ವರ್ಷಗಳಿಗೊಮ್ಮೆ ತಂಡಗಳನ್ನು ಬಿಚ್ಚಿ ಮತ್ತೆ ಕಟ್ಟಿಸುವ ಮೆಗಾ ಹರಾಜಿನ ಪದ್ಧತಿ. ಯಾವ ಹೊಸ ತಂಡವೂ ಬಾರದ 2014 ಮತ್ತು 2018ರಲ್ಲೂ ಅದು ನಡೆದಿತ್ತು. ಹೊಸಬರ ಮೇಲಿನ ಸಿಟ್ಟಿನಲ್ಲಿ ಒಂದು ಪಾಲು ತಪ್ಪು ವಿಳಾಸಕ್ಕೆ ಹೋಗಿದೆ.

ಮಾತುಕತೆ ಯಾವಾಗ ಶುರುವಾಯಿತು

ನಿಯಮಕ್ಕಿಂತ ಹೆಚ್ಚು ನೋವು ತಂದದ್ದು ಅದರ ಹೊತ್ತುಗೊತ್ತು. ತಂಡಗಳ ಮಾರಾಟವಾದ ಕೆಲವೇ ದಿನಗಳಲ್ಲಿ, ಅಕ್ಟೋಬರ್ ಕೊನೆಗೆ, ಉಳಿಸಿಕೊಳ್ಳುವ ನಿಯಮಗಳು ಹೊರಬಿದ್ದವು. ಹಳೆಯ ತಂಡಗಳಿಗೆ ನಿರ್ಧರಿಸಲು ಉಳಿದದ್ದು ಒಂದು ತಿಂಗಳು. ಅದೇ ತಿಂಗಳಲ್ಲಿ, ಹೊಸ ತಂಡ ತನ್ನನ್ನು ಹೆಚ್ಚಿನ ಮೊತ್ತಕ್ಕೆ ಆರಿಸಿಕೊಳ್ಳಬಹುದು ಎಂದು ಗೊತ್ತಿರುವ ಆಟಗಾರ ಹಳೆಯ ತಂಡಕ್ಕೆ ‘ನನ್ನನ್ನು ಉಳಿಸಿಕೊಳ್ಳಬೇಡಿ’ ಎನ್ನುವ ಸ್ಥಿತಿ ಹುಟ್ಟಿತು. ಲಕ್ನೋ ಕಡೆಯವರು ತಮ್ಮ ಆಟಗಾರರನ್ನು ಸಂಪರ್ಕಿಸುತ್ತಿದ್ದಾರೆ ಎಂದು ಪಂಜಾಬ್ ಮತ್ತು ಹೈದರಾಬಾದ್ ತಂಡಗಳು ಕ್ರಿಕೆಟ್ ಮಂಡಳಿಗೆ ಮೌಖಿಕವಾಗಿ ದೂರಿದ್ದಾಗಿ ನವೆಂಬರ್‌ನಲ್ಲಿ ವರದಿಯಾಯಿತು. ಯಾರ ಮೇಲೂ ಕ್ರಮ ಜರುಗಲಿಲ್ಲ.

ಇಲ್ಲಿ ಅಭಿಮಾನಿಗಳಿಗೆ 2010ರ ನೆನಪು ಬಂದದ್ದು ಸಹಜ. ಆ ವರ್ಷ ರವೀಂದ್ರ ಜಡೇಜ ಇನ್ನೊಂದು ತಂಡದೊಂದಿಗೆ ಒಪ್ಪಂದದ ಮಾತುಕತೆ ನಡೆಸಿದರೆಂದು ಇಡೀ ಸೀಸನ್ ಆಡದಂತೆ ಅವರನ್ನು ನಿಷೇಧಿಸಲಾಗಿತ್ತು. ಇಪ್ಪತ್ತೊಂದರ ಹರೆಯದ ಆಟಗಾರನಿಗೆ ಅಷ್ಟು ಕಟ್ಟುನಿಟ್ಟಾಗಿ ಅನ್ವಯಿಸಿದ ನಿಯಮ, 2021ರಲ್ಲಿ ಎಲ್ಲಿಯ ತನಕ ಅನ್ವಯಿಸುತ್ತದೆ, ಎಲ್ಲಿಂದ ಇಲ್ಲ ಎಂದು ಮಂಡಳಿ ಬಿಡಿಸಿ ಹೇಳಬೇಕಿತ್ತು. ಹೊಸ ತಂಡ ಆಟಗಾರರೊಂದಿಗೆ ಯಾವ ದಿನಾಂಕದಿಂದ ಮಾತನಾಡಬಹುದು ಎಂಬ ಒಂದು ಸಾಲು ಮೊದಲೇ ಬಹಿರಂಗವಾಗಿದ್ದಿದ್ದರೆ ಅರ್ಧ ಅನುಮಾನ ಅಲ್ಲಿಯೇ ಅಡಗುತ್ತಿತ್ತು.

ಅಹಮದಾಬಾದ್ ತಂಡದ ವಿಷಯದಲ್ಲಿ ಇನ್ನೊಂದು ತಕರಾರಿತ್ತು. ಸಿವಿಸಿ ವಿದೇಶಗಳಲ್ಲಿ ಬೆಟ್ಟಿಂಗ್ ಕಂಪನಿಗಳಲ್ಲಿ ಹಣ ಹೂಡಿದ್ದು ಪ್ರಶ್ನೆಗೆ ಗುರಿಯಾಗಿ, ಪರಿಶೀಲನೆ ಮುಗಿದು ತಂಡಕ್ಕೆ ಅಧಿಕೃತ ಒಪ್ಪಿಗೆ ಸಿಕ್ಕಿದ್ದು 2022ರ ಜನವರಿಯಲ್ಲಿ. ಅದರಿಂದಾಗಿ ಹೊಸ ತಂಡಗಳ ಆಯ್ಕೆಯ ಗಡುವೂ ಡಿಸೆಂಬರ್‌ನಿಂದ ಜನವರಿ 22ಕ್ಕೆ ಸರಿಯಿತು. ಹಳೆಯ ತಂಡಗಳಿಗೆ ಒಂದು ದಿನವೂ ಹೆಚ್ಚುವರಿ ಸಿಗದಿದ್ದ ಜಾಗದಲ್ಲಿ ಹೊಸಬರಿಗೆ ತಿಂಗಳ ಹತ್ತಿರ ವಿಸ್ತರಣೆ ಸಿಕ್ಕಿತು ಎಂಬ ಮಾತಿಗೆ ಉತ್ತರ ಕೊಡುವುದು ಕಷ್ಟ.

ಹೀಗೆ ಮಾಡದಿದ್ದರೆ ಏನಾಗುತ್ತದೆ

ವಿಶೇಷ ಸವಲತ್ತೇ ಇಲ್ಲದೆ ಹೊಸ ತಂಡಗಳನ್ನು ಕಣಕ್ಕಿಳಿಸಿದ ಅನುಭವ ಐಪಿಎಲ್‌ಗೆ ಇದೆ. 2010ರ ಮಾರ್ಚ್‌ನಲ್ಲಿ ಸಹಾರಾ ಸಮೂಹ ಪುಣೆಯನ್ನು 37 ಕೋಟಿ ಡಾಲರಿಗೆ, ಒಂದು ಒಕ್ಕೂಟ ಕೊಚ್ಚಿಯನ್ನು 33.3 ಕೋಟಿ ಡಾಲರಿಗೆ ಕೊಂಡವು. 2011ರ ಜನವರಿಯಲ್ಲಿ, ಅದೂ ಬೆಂಗಳೂರಿನಲ್ಲೇ, ನಡೆದ ಹರಾಜಿಗೆ ಮುನ್ನ ಹಳಬರಿಗೆ ನಾಲ್ವರನ್ನು ಉಳಿಸಿಕೊಳ್ಳುವ ಅವಕಾಶವಿತ್ತು. ಚೆನ್ನೈ ಮತ್ತು ಮುಂಬೈ ನಾಲ್ಕು ನಾಲ್ಕು ಮಂದಿಯನ್ನು ಬಿಗಿಯಾಗಿ ಹಿಡಿದುಕೊಂಡವು. ಬೆಂಗಳೂರು ಕೊಹ್ಲಿ ಒಬ್ಬರನ್ನೇ ಉಳಿಸಿಕೊಂಡಿತು. ಹೊಸಬರಿಗೆ ಸಿಕ್ಕಿದ್ದು ಪೂರ್ತಿ 90 ಲಕ್ಷ ಡಾಲರಿನ ಪರ್ಸ್ ಮಾತ್ರ. ಯಾರನ್ನೂ ಉಳಿಸಿಕೊಳ್ಳದ ಕೋಲ್ಕತ್ತ, ಪಂಜಾಬ್, ಡೆಕ್ಕನ್ ತಂಡಗಳ ಬಳಿಯೂ ಅಷ್ಟೇ ಹಣವಿದ್ದುದರಿಂದ ಅದು ಅನುಕೂಲವೇ ಅಲ್ಲ. ಪುಣೆ ಕರ್ನಾಟಕದ ರಾಬಿನ್ ಉತ್ತಪ್ಪ ಅವರಿಗೆ 21 ಲಕ್ಷ ಡಾಲರ್, ಯುವರಾಜ್ ಸಿಂಗ್‌ಗೆ 18 ಲಕ್ಷ ಡಾಲರ್ ಸುರಿಯಿತು.

ಫಲ ಎಲ್ಲರಿಗೂ ತಿಳಿದದ್ದೇ. ಹತ್ತು ತಂಡಗಳಲ್ಲಿ ಕೊಚ್ಚಿ ಎಂಟನೆಯದು, ಪುಣೆ ಒಂಬತ್ತನೆಯದು. ಬ್ಯಾಂಕ್ ಖಾತರಿಯ ವಿವಾದದಲ್ಲಿ ಕೊಚ್ಚಿ ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ರದ್ದಾಯಿತು. ಪುಣೆ ಮುಂದಿನ ಎರಡು ವರ್ಷ ಒಂಬತ್ತು ತಂಡಗಳ ಪಟ್ಟಿಯಲ್ಲಿ ಒಮ್ಮೆ ಕೊನೆಯ, ಒಮ್ಮೆ ಕೊನೆಗೆ ಹತ್ತಿರದ ಸ್ಥಾನದಲ್ಲಿದ್ದು 2013ರಲ್ಲಿ ಮುಚ್ಚಿಹೋಯಿತು. ಇವು ಮುಳುಗಲು ಆಟಕ್ಕಿಂತ ದುಡ್ಡಿನ ಜಗಳವೇ ಮುಖ್ಯ ಕಾರಣ. ಆದರೆ ಗೆಲ್ಲುವ ತಂಡವೊಂದು ಇದ್ದಿದ್ದರೆ, ಅದರ ಬೆನ್ನಿಗೆ ಊರು ನಿಂತಿದ್ದರೆ, ಮಾಲೀಕರೂ ಮಂಡಳಿಯೂ ಅಷ್ಟು ಸಲೀಸಾಗಿ ಕೈಬಿಡುತ್ತಿರಲಿಲ್ಲ. ಒಂದೇ ಸೀಸನ್‌ಗೆ ತಂಡ ಕಳೆದುಕೊಂಡ ಕೊಚ್ಚಿಯ ಅಭಿಮಾನಿಗಳ ನಷ್ಟವನ್ನು ಈ ಚರ್ಚೆಯಲ್ಲಿ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಹಿಡಿಯಬೇಕು.

ಮಂಡಳಿ ಪಾಠ ಕಲಿತದ್ದು 2015ರಲ್ಲಿ ಕಾಣುತ್ತದೆ. ಲೋಧಾ ಸಮಿತಿ ಚೆನ್ನೈ ಮತ್ತು ರಾಜಸ್ಥಾನ ತಂಡಗಳನ್ನು ಎರಡು ವರ್ಷ ಅಮಾನತು ಮಾಡಿದಾಗ ಬದಲಿಗೆ ಪುಣೆ ಮತ್ತು ರಾಜಕೋಟ್ ಬಂದವು. ಅಮಾನತಾದ ಎರಡು ತಂಡಗಳ ಆಟಗಾರರಲ್ಲಿ ಐದೈದು ಮಂದಿಯನ್ನು ಸರದಿಯಂತೆ ಆರಿಸಿಕೊಳ್ಳಲು ಇವಕ್ಕೆ ಅವಕಾಶವಾಯಿತು. ಪುಣೆ ಮೊದಲು ಧೋನಿಯನ್ನು, ರಾಜಕೋಟ್ ರೈನಾರನ್ನು ಕರೆದವು. ರಾಜಕೋಟ್‌ನ ತಂಡ, ಗುಜರಾತ್ ಲಯನ್ಸ್, 2016ರಲ್ಲಿ ಲೀಗ್ ಹಂತದ ಮೊದಲ ಸ್ಥಾನ ಪಡೆಯಿತು. ಚಿನ್ನಸ್ವಾಮಿಯಲ್ಲಿ ಎಬಿ ಡಿವಿಲಿಯರ್ಸ್ ಅಜೇಯ 79 ಹೊಡೆದು ಅದನ್ನು ತಡೆಯದಿದ್ದರೆ ನೇರ ಫೈನಲ್‌ಗೇ ಹೋಗುತ್ತಿತ್ತು. ಪುಣೆ 2017ರ ಫೈನಲ್ ಅನ್ನು ಒಂದೇ ರನ್‌ನಿಂದ ಸೋತಿತು. ಆಗ ಪಕ್ಷಪಾತದ ಕೂಗು ಅಷ್ಟಾಗಿ ಏಳಲಿಲ್ಲ. ಬೇರೆ ತಂಡಗಳ ಒಬ್ಬ ಆಟಗಾರನನ್ನೂ ಮುಟ್ಟಿರಲಿಲ್ಲವಲ್ಲ.

ಕಬಡ್ಡಿಯಲ್ಲಿ ಇದೇ ಕಥೆ ಇನ್ನೂ ಅಚ್ಚುಕಟ್ಟಾಗಿ ನಡೆಯಿತು. 2017ರಲ್ಲಿ ಪ್ರೊ ಕಬಡ್ಡಿ ಲೀಗ್ ಎಂಟರಿಂದ ಹನ್ನೆರಡು ತಂಡಗಳಿಗೆ ಬೆಳೆಯಿತು. ಹಳೆಯ ತಂಡಕ್ಕೆ ಒಬ್ಬನೇ ಒಬ್ಬ ಆಟಗಾರನನ್ನು ಉಳಿಸಿಕೊಳ್ಳುವ ಅವಕಾಶ. ಹೊಸ ತಂಡಕ್ಕೆ ಹರಾಜಿಗೆ ಮುನ್ನ ಒಬ್ಬನನ್ನು ಆರಿಸುವ ಹಕ್ಕು. ಗುಜರಾತ್ ಇರಾನಿನ ಫಜಲ್ ಅತ್ರಾಚಲಿಯನ್ನು, ತಮಿಳ್ ತಲೈವಾಸ್ ಅಜಯ್ ಠಾಕೂರ್ ಅವರನ್ನು ತೆಗೆದುಕೊಂಡವು. ಗುಜರಾತ್ ಆ ವರ್ಷವೇ ಫೈನಲ್ ಆಡಿತು, ಇನ್ನೆರಡು ಹೊಸ ತಂಡಗಳಾದ ಹರಿಯಾಣ ಮತ್ತು ಯುಪಿ ಪ್ಲೇಆಫ್ ಮುಟ್ಟಿದವು, ತಮಿಳ್ ತಲೈವಾಸ್ ತನ್ನ ವಲಯದ ತಳದಲ್ಲಿ ಉಳಿಯಿತು. ಬೆಂಗಳೂರು ಬುಲ್ಸ್ ಪ್ಲೇಆಫ್‌ನ ಆರರಲ್ಲಿ ಇರಲಿಲ್ಲ. ‘ತವರಿನ’ ಪಂದ್ಯಗಳನ್ನು ನಾಗಪುರದಲ್ಲಿ ಆಡಬೇಕಾಗಿ ಬಂದ ವರ್ಷವದು. ಆದರೆ ಮರು ಸೀಸನ್ನಿನ ಫೈನಲ್‌ನಲ್ಲಿ, 2019ರ ಜನವರಿ 5ರಂದು ಮುಂಬೈನಲ್ಲಿ, ಪವನ್ ಸೆಹ್ರಾವತ್ ಒಬ್ಬರೇ 22 ಪಾಯಿಂಟ್ ಗಳಿಸಿ, ಬುಲ್ಸ್ ಇದೇ ಗುಜರಾತನ್ನು 38–33ರಿಂದ ಮಣಿಸಿತು. ನಾಲ್ಕು ಹೊಸ ತಂಡಗಳಿಗೂ ನಿಯಮ ಒಂದೇ ಇದ್ದು ಫಲ ಬೇರೆ ಬೇರೆಯಾಯಿತೆಂದರೆ, ಗೆಲುವನ್ನು ನಿಯಮದ ಖಾತೆಗೇ ಪೂರ್ತಿ ಬರೆಯಲಾಗದು.

ಹಾಕಿಯ ಅರ್ಧ ಶತಮಾನ

ಈ ವಿಷಯದಲ್ಲಿ ಅತಿ ಹೆಚ್ಚು ಪ್ರಯೋಗ ಮಾಡಿದ್ದು ಉತ್ತರ ಅಮೆರಿಕದ ಐಸ್ ಹಾಕಿ ಲೀಗ್, ಎನ್‌ಎಚ್‌ಎಲ್. ಅಲ್ಲಿ 1967ರಲ್ಲಿ ಆರು ತಂಡಗಳ ಜೊತೆಗೆ ಮತ್ತಾರು ತಂಡಗಳು ಒಮ್ಮೆಲೇ ಬಂದವು. ಹೊಸ ಆರನ್ನೂ ಒಂದೇ ವಿಭಾಗದಲ್ಲಿಟ್ಟು, ಆ ವಿಭಾಗದ ವಿಜೇತರಿಗೆ ಫೈನಲ್ ಖಚಿತಪಡಿಸಲಾಯಿತು. ಅಭಿಮಾನಿಗಳು ಹೆದರುವ ಪಕ್ಷಪಾತದ ಪಕ್ಕಾ ಮಾದರಿ ಅದು. ಸೇಂಟ್ ಲೂಯಿಸ್ ಬ್ಲೂಸ್ ಮೊದಲ ಮೂರೂ ವರ್ಷ ಫೈನಲ್ ಆಡಿತು, ಮೂರು ಸಲವೂ ಒಂದು ಪಂದ್ಯವನ್ನೂ ಗೆಲ್ಲದೆ 4–0ಯಿಂದ ಸೋತಿತು. ವೇಳಾಪಟ್ಟಿಯಿಂದ ಫೈನಲ್ ತಲುಪಿಸಬಹುದು, ಆದರೆ ಆಟಗಾರರನ್ನು ಕೊಡದೆ ಗೆಲ್ಲಿಸಲಾಗುವುದಿಲ್ಲ.

ಮುಂದಿನ ದಶಕಗಳಲ್ಲಿ ಅದೇ ಲೀಗ್ ಇನ್ನೊಂದು ಅತಿರೇಕಕ್ಕೆ ಹೋಯಿತು. ಹಳೆಯ ತಂಡಗಳು ತಮಗೆ ಬೇಡವಾದವರನ್ನಷ್ಟೇ ಹೊಸಬರಿಗೆ ಬಿಟ್ಟವು. 1974–75ರಲ್ಲಿ ವಾಷಿಂಗ್ಟನ್ ಕ್ಯಾಪಿಟಲ್ಸ್ 80 ಪಂದ್ಯಗಳಲ್ಲಿ ಗೆದ್ದದ್ದು 8, ಸೋತದ್ದು 67. 1992–93ರಲ್ಲಿ ಒಟ್ಟಾವಾ ಸೆನೆಟರ್ಸ್ 84ರಲ್ಲಿ 10 ಗೆದ್ದಿತು. ಇಂಥ ತಂಡಕ್ಕೆ ಟಿಕೆಟ್ ಕೊಳ್ಳಿ ಎಂದು ಒಂದು ಊರನ್ನು ಕೇಳುವುದು ಆ ಊರಿಗೆ ಮಾಡುವ ಅನ್ಯಾಯ.

2017ರಲ್ಲಿ ವೇಗಾಸ್ ಗೋಲ್ಡನ್ ನೈಟ್ಸ್ 50 ಕೋಟಿ ಡಾಲರ್ ಶುಲ್ಕ ಕೊಟ್ಟು ಬಂದಾಗ ಲೀಗ್ ನಿಯಮ ಸಡಿಲಿಸಿತು. ಪ್ರತಿ ಹಳೆಯ ತಂಡ ಏಳು ಫಾರ್ವರ್ಡ್, ಮೂವರು ಡಿಫೆನ್ಸ್, ಒಬ್ಬ ಗೋಲಿಯನ್ನು ರಕ್ಷಿಸಿಕೊಳ್ಳಬಹುದಿತ್ತು, ಅಥವಾ ಎಂಟು ಸ್ಕೇಟರ್ ಮತ್ತು ಒಬ್ಬ ಗೋಲಿಯನ್ನು. ಉಳಿದವರಲ್ಲಿ ತಂಡಕ್ಕೊಬ್ಬರಂತೆ ಮೂವತ್ತು ಮಂದಿಯನ್ನು ವೇಗಾಸ್ ಆರಿಸಬೇಕಿತ್ತು. ಮೊದಲ ವರ್ಷವೇ ಅದು 51 ಪಂದ್ಯ ಗೆದ್ದು ಸ್ಟಾನ್ಲಿ ಕಪ್ ಫೈನಲ್‌ಗೆ ಹೋಯಿತು, 2023ರಲ್ಲಿ ಕಪ್ಪನ್ನೇ ಗೆದ್ದಿತು. ಹಳೆಯ ತಂಡಗಳ ಅಭಿಮಾನಿಗಳು ಕೆರಳಿದರು. ಆದರೆ ವೇಗಾಸ್‌ನ ಬಲದ ಬೇರು ಹುಡುಕಿದರೆ ಹಳೆಯ ತಂಡಗಳ ಮ್ಯಾನೇಜರ್‌ಗಳ ಭಯವೇ ಸಿಗುತ್ತದೆ. ಒಬ್ಬನನ್ನು ಕಾಪಾಡಿಕೊಳ್ಳಲು ಅವರು ಇನ್ನೊಬ್ಬನನ್ನು ತಾವಾಗಿ ಕೊಟ್ಟರು. ಫ್ಲೋರಿಡಾ 30 ಗೋಲು ಹೊಡೆದಿದ್ದ ಜೊನಾಥನ್ ಮಾರ್ಷೆಸೊನನ್ನು ಬಿಟ್ಟುಕೊಟ್ಟಿದ್ದಲ್ಲದೆ ರೈಲಿ ಸ್ಮಿತ್‌ನನ್ನೂ ದಾಟಿಸಿತು. ಕೊಲಂಬಸ್ ಮೊದಲ ಸುತ್ತಿನ ಡ್ರಾಫ್ಟ್ ಹಕ್ಕನ್ನೂ ಸೇರಿಸಿ ಒಪ್ಪಂದ ಮಾಡಿಕೊಂಡಾಗ ವೇಗಾಸ್ ಪಡೆದ ವಿಲಿಯಂ ಕಾರ್ಲ್‌ಸನ್ ಆ ವರ್ಷ 43 ಗೋಲು ಗಳಿಸಿದ.

ನಾಲ್ಕು ವರ್ಷದ ಮೇಲೆ, 2021ರಲ್ಲಿ, ಸಿಯಾಟಲ್ ಕ್ರಾಕನ್ ಅದೇ ನಿಯಮದಡಿ 65 ಕೋಟಿ ಡಾಲರ್ ಕೊಟ್ಟು ಬಂತು. ಈ ಸಲ ಮ್ಯಾನೇಜರ್‌ಗಳು ಬುದ್ಧಿ ಕಲಿತಿದ್ದರು, ಅಂಥ ಒಪ್ಪಂದಕ್ಕೆ ಕೈ ಹಾಕಲಿಲ್ಲ. ಸಿಯಾಟಲ್ 82 ಪಂದ್ಯಗಳಲ್ಲಿ 27 ಗೆದ್ದು ತನ್ನ ವಿಭಾಗದ ಕೊನೆಯ ಸ್ಥಾನ ಪಡೆಯಿತು. ಪಕ್ಷಪಾತ ನಿಯಮದಲ್ಲೇ ಇದೆ ಎನ್ನುವವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ಇಲ್ಲ.

ಎನ್‌ಎಚ್‌ಎಲ್‌ನಿಂದ ಕಲಿಯಬೇಕಾದದ್ದು ಇನ್ನೆರಡಿವೆ. ವೇಗಾಸ್‌ಗೆ ತಂಡ ಕೊಟ್ಟದ್ದು, ಆಯ್ಕೆಯ ನಿಯಮ ಪ್ರಕಟಿಸಿದ್ದು 2016ರಲ್ಲಿ. ಆಯ್ಕೆ ನಡೆದದ್ದು 2017ರ ಜೂನ್‌ನಲ್ಲಿ. ಹಳಬರಿಗೆ ಯೋಚಿಸಲು ಇಡೀ ವರ್ಷ ಸಿಕ್ಕಿತು. ವೇಗಾಸ್ ಕೊಟ್ಟ ಶುಲ್ಕವನ್ನು ಮೂವತ್ತು ತಂಡಗಳೂ ಹಂಚಿಕೊಂಡವು. ಆಟಗಾರನನ್ನು ಕಳೆದುಕೊಂಡವನ ಕೈಗೆ ದುಡ್ಡಾದರೂ ಬಂತು. ಐಪಿಎಲ್‌ನಲ್ಲಿ ಫ್ರಾಂಚೈಸಿ ಶುಲ್ಕ ಹೋಗುವುದು ಕ್ರಿಕೆಟ್ ಮಂಡಳಿಗೆ. ಆಟಗಾರರನ್ನು ಬಿಟ್ಟುಕೊಟ್ಟ ಪಂಜಾಬ್‌ಗೆ ಪರಿಹಾರವೆಂದು ಬಂದದ್ದು ಏನೂ ಇಲ್ಲ; ಮೇಲಾಗಿ ಪ್ರಸಾರ ಆದಾಯದಲ್ಲಿ ತಂಡಗಳಿಗೆ ಸಲ್ಲುವ ಪಾಲನ್ನು ಎಂಟರ ಬದಲು ಹತ್ತಾಗಿ ಹಂಚಬೇಕಾಯಿತು. ಆ ಆದಾಯ ಹಿಗ್ಗಿದ್ದು ನಿಜ: ಐದು ವರ್ಷಕ್ಕೆ 16,347.5 ಕೋಟಿ ಇದ್ದ ಪ್ರಸಾರ ಹಕ್ಕು 2022ರ ಜೂನ್‌ನಲ್ಲಿ 48,390 ಕೋಟಿಗೆ ಮಾರಾಟವಾಯಿತು. ಪಂದ್ಯಗಳು 60ರಿಂದ 74ಕ್ಕೇರಿದ್ದು ಅದಕ್ಕೆ ಒಂದು ಕಾರಣ. ಮಾಲೀಕರು ಸುಮ್ಮನಿದ್ದುದಕ್ಕೂ ಅದೇ ಕಾರಣವಿರಬೇಕು. ಅಭಿಮಾನಿಗೆ ಮಾತ್ರ ಆ ದುಡ್ಡಿನಲ್ಲಿ ಪಾಲಿಲ್ಲ. ಅವನಿಗೆ ಉಳಿದದ್ದು, ನಿನ್ನೆಯವರೆಗೆ ತನ್ನವನಾಗಿದ್ದ ಆಟಗಾರ ಇಂದು ಎದುರು ಪಾಳಯದಲ್ಲಿ ನಿಂತಿರುವ ನೋಟ.

ವೇಳಾಪಟ್ಟಿ ಮತ್ತು ಮೈದಾನ

ಹೊಸ ತಂಡಗಳಿಗೆ ಸುಲಭದ ಎದುರಾಳಿಗಳನ್ನು ಕೊಟ್ಟರು ಎಂಬುದು ಇನ್ನೊಂದು ದೂರು. 2022ರಲ್ಲಿ ಹತ್ತು ತಂಡಗಳನ್ನು ಐದೈದರ ಎರಡು ಗುಂಪುಗಳಾಗಿ ವಿಂಗಡಿಸಿದ್ದು ಅದುವರೆಗೆ ಗೆದ್ದ ಕಪ್‌ಗಳು ಮತ್ತು ಆಡಿದ ಫೈನಲ್‌ಗಳ ಆಧಾರದ ಮೇಲೆ. ಪ್ರತಿ ತಂಡ ಒಟ್ಟು 14 ಪಂದ್ಯ ಆಡಿತು. ಲಕ್ನೋ ಬಿದ್ದದ್ದು ಮುಂಬೈ, ಕೋಲ್ಕತ್ತ, ರಾಜಸ್ಥಾನ, ದೆಹಲಿಯ ಗುಂಪಿಗೆ. ಗುಜರಾತ್ ಬಿದ್ದದ್ದು ಚೆನ್ನೈ, ಹೈದರಾಬಾದ್, ಬೆಂಗಳೂರು, ಪಂಜಾಬ್ ಜೊತೆಗೆ. ಐದು ಕಪ್‌ಗಳ ಮುಂಬೈ ಒಂದು ಗುಂಪಿನಲ್ಲಿ, ನಾಲ್ಕು ಕಪ್‌ಗಳ ಚೆನ್ನೈ ಇನ್ನೊಂದರಲ್ಲಿ. ಇದರಲ್ಲಿ ಒಲವು ಕಾಣುವುದಿಲ್ಲ. ಆ ವರ್ಷ ಮುಂಬೈ ಕೊನೆಯ, ಚೆನ್ನೈ ಒಂಬತ್ತನೆಯ ಸ್ಥಾನಕ್ಕೆ ಕುಸಿಯುತ್ತವೆಂದು ಮುಂಚೆ ಯಾರೂ ಹೇಳಲಾಗುತ್ತಿರಲಿಲ್ಲ. ಲೀಗ್ ಹಂತವೆಲ್ಲ ಮುಂಬೈ ಮತ್ತು ಪುಣೆಯಲ್ಲೇ ನಡೆದದ್ದರಿಂದ ಹೊಸ ತಂಡಗಳಿಗೆ ತವರಿನ ಲಾಭವೂ ಇರಲಿಲ್ಲ.

ಫೈನಲ್ ಅಹಮದಾಬಾದ್‌ಗೆ ಹೋದದ್ದು ಮಾತ್ರ ಬೇರೆ ಮಾತು. 1.32 ಲಕ್ಷ ಆಸನಗಳ ಕ್ರೀಡಾಂಗಣ ದೇಶದಲ್ಲಿ ಇನ್ನೊಂದಿಲ್ಲ ಎಂಬ ವಾದ ಗಟ್ಟಿಯೇ. ಹಿಂದಿನ ವರ್ಷದ ಚಾಂಪಿಯನ್ನರ ತವರಿಗೆ ಫೈನಲ್ ಕೊಡುವ ರೂಢಿಯಿಂದ 2023ರದ್ದೂ ಸಮರ್ಥನೀಯ. 2025ರಲ್ಲಿ ಅದೇ ರೂಢಿಯಂತೆ ಕೋಲ್ಕತ್ತಕ್ಕೆ ಸಲ್ಲಬೇಕಿದ್ದ ಫೈನಲ್, ಟೂರ್ನಿ ಮಧ್ಯೆ ನಿಂತು ಮತ್ತೆ ಶುರುವಾದ ಮೇಲೆ ಅಹಮದಾಬಾದ್‌ಗೆ ಸ್ಥಳಾಂತರವಾಯಿತು. ಒಂದೊಂದಕ್ಕೂ ಕಾರಣವಿದ್ದರೂ, ನಾಲ್ಕು ವರ್ಷದಲ್ಲಿ ಮೂರು ಫೈನಲ್ ಒಂದೇ ಊರಿಗೆ ಹೋದಾಗ, ಮಂಡಳಿಯ ಆಡಳಿತದಲ್ಲಿ ಅದೇ ರಾಜ್ಯದವರು ಪ್ರಭಾವಿಗಳಾಗಿದ್ದಾಗ, ಜನ ಪ್ರಶ್ನೆ ಕೇಳುತ್ತಾರೆ. ಫೈನಲ್ ತಾಣವನ್ನು ಯಾವ ಮಾನದಂಡದಿಂದ ಆರಿಸುತ್ತೇವೆಂದು ಬರೆದು ಪ್ರಕಟಿಸುವುದು ಕಷ್ಟದ ಕೆಲಸವೇನಲ್ಲ.

ಗೆಲುವಿನ ಲೆಕ್ಕ

ಗುಜರಾತಿನ 2022ರ ಗೆಲುವನ್ನು ಬಿಡಿಸಿ ನೋಡಿದರೆ ವಿಶೇಷ ಹಕ್ಕಿನ ಪಾಲು ಎಷ್ಟೆಂದು ಅಂದಾಜಾಗುತ್ತದೆ. ಹಾರ್ದಿಕ್ ಫೈನಲ್‌ನಲ್ಲಿ 17 ರನ್ನಿಗೆ ಮೂರು ವಿಕೆಟ್ ತೆಗೆದರು, ಗಿಲ್ ಮತ್ತು ರಶೀದ್ ಸೀಸನ್ ಉದ್ದಕ್ಕೂ ಆಸರೆಯಾದರು. ಅಷ್ಟು ಆ ಹಕ್ಕಿನ ಫಲ. ಆದರೆ ಹಾರ್ದಿಕ್ ಬೆನ್ನು ನೋವಿನಿಂದ ಬೌಲ್ ಮಾಡಬಲ್ಲರೇ ಎಂಬ ಅನುಮಾನವಿದ್ದ ಕಾಲ ಅದು. ಅಂಥವರಿಗೆ 15 ಕೋಟಿಯನ್ನೂ ನಾಯಕತ್ವವನ್ನೂ ಕೊಟ್ಟದ್ದು ಜೂಜು. 481 ರನ್ ಗಳಿಸಿದ ಡೇವಿಡ್ ಮಿಲ್ಲರ್ ಹರಾಜಿನ ಮೊದಲ ದಿನ ಯಾರಿಗೂ ಬೇಡವಾಗಿ ಎರಡನೆಯ ದಿನ 3 ಕೋಟಿಗೆ ಸಿಕ್ಕವರು. ಇನಿಂಗ್ಸ್ ಆರಂಭಿಸಿದ ವೃದ್ಧಿಮಾನ್ ಸಹಾ ಅವರ ಬೆಲೆ 1.9 ಕೋಟಿ. 20 ವಿಕೆಟ್ ಪಡೆದ ಮೊಹಮ್ಮದ್ ಶಮಿ 6.25 ಕೋಟಿಗೆ ಬಂದರು. ಇವರನ್ನೆಲ್ಲ ಹತ್ತೂ ತಂಡಗಳು ಕೊಳ್ಳಬಹುದಿತ್ತು. ಹರಾಜು ಮುಗಿದ ಸಂಜೆ ಗುಜರಾತಿನ ಪಟ್ಟಿ ನೋಡಿ ಬ್ಯಾಟಿಂಗ್ ಸಪ್ಪೆ ಎಂದವರೇ ಹೆಚ್ಚು.

ಆರ್‌ಸಿಬಿಯ ಕಡೆಯಿಂದಲೂ ಇದಕ್ಕೊಂದು ಸಾಕ್ಷಿ ಇದೆ. 2022ರ ಎಲಿಮಿನೇಟರ್‌ನಲ್ಲಿ ಈಡನ್ ಗಾರ್ಡನ್ಸ್‌ನಲ್ಲಿ ಲಕ್ನೋವನ್ನು 14 ರನ್‌ಗಳಿಂದ ಮನೆಗೆ ಕಳಿಸಿದ್ದು ರಜತ್ ಪಾಟಿದಾರ್ ಅವರ 54 ಎಸೆತಗಳ ಅಜೇಯ 112. ಆ ಹರಾಜಿನಲ್ಲಿ ಮಾರಾಟವಾಗದೆ ಉಳಿದಿದ್ದ ಪಾಟಿದಾರ್, ಕರ್ನಾಟಕದ ಲವನೀತ್ ಸಿಸೋಡಿಯಾ ಗಾಯಗೊಂಡಾಗ ಬದಲಿಗನಾಗಿ ಬಂದವರು. 17 ಕೋಟಿಗೆ ಹರಾಜಿಲ್ಲದೆಯೇ ಲಕ್ನೋ ಸೇರಿದ ರಾಹುಲ್ ಅದೇ ಪಂದ್ಯದಲ್ಲಿ 79 ಹೊಡೆದೂ ಸೋತರು.

ಸವಲತ್ತಿನ ಬಿಸಿ ಹೆಚ್ಚು ಕಾಲ ಉಳಿಯಲೂ ಇಲ್ಲ. 2023ರ ನವೆಂಬರ್‌ನಲ್ಲಿ ಹಾರ್ದಿಕ್ ಮುಂಬೈಗೆ ಮರಳಿದರು. ಈ ಬಾರಿ ಮೋಸವಾಯಿತೆಂದು ಕೂಗಿದ್ದು ಗುಜರಾತಿನ ಅಭಿಮಾನಿಗಳು. 2024ರಲ್ಲಿ ಲಕ್ನೋ ಏಳನೆಯ, ಗುಜರಾತ್ ಎಂಟನೆಯ ಸ್ಥಾನಕ್ಕಿಳಿದವು. 2025ರ ಸೀಸನ್ನಿನ ಮೆಗಾ ಹರಾಜಿಗೆ ಹತ್ತೂ ತಂಡಗಳಿಗೆ ಒಂದೇ ನಿಯಮ ಬಂತು: 120 ಕೋಟಿಯ ಪರ್ಸ್, ರೈಟ್ ಟು ಮ್ಯಾಚ್ ಸೇರಿ ಆರು ಮಂದಿಯ ಉಳಿಕೆ. ರಾಹುಲ್ ಲಕ್ನೋ ಬಿಟ್ಟು 14 ಕೋಟಿಗೆ ದೆಹಲಿ ಸೇರಿದರು, ಲಕ್ನೋ ರಿಷಭ್ ಪಂತ್‌ಗೆ 27 ಕೋಟಿ ಕೊಟ್ಟೂ ಮತ್ತೆ ಏಳನೆಯದಾಯಿತು. ಆ ಸೀಸನ್ನಿನ ಫೈನಲ್‌ಗೆ ಬಂದದ್ದು ಒಮ್ಮೆಯೂ ಕಪ್ ಕಾಣದಿದ್ದ ಎರಡು ಹಳೆಯ ತಂಡಗಳು, ಬೆಂಗಳೂರು ಮತ್ತು ಪಂಜಾಬ್. ಜೂನ್ 3ರಂದು ಬೆಂಗಳೂರು ಆರು ರನ್‌ಗಳಿಂದ ಗೆದ್ದಿತು.

ಮುಂದೆ ಹನ್ನೊಂದನೆಯ ತಂಡ ಬಂದರೆ ನಿಯಮ ಮತ್ತೆ ಬರೆಯಬೇಕಾಗುತ್ತದೆ. ಉಳಿಕೆಯ ಸಂಖ್ಯೆ ಈಗ ಆರಕ್ಕೇರಿರುವುದರಿಂದ ಹೊಸ ತಂಡಕ್ಕೆ ಆರಿಸಲು ಸಿಗುವವರ ಸಾಲು 2022ಕ್ಕಿಂತ ತೆಳುವಾಗಿರುತ್ತದೆ, ಅದರ ಪ್ರವೇಶ ಮೆಗಾ ಹರಾಜಿಲ್ಲದ ವರ್ಷವಾದರಂತೂ ಇನ್ನೂ ತೆಳು. ಆಗ ಮಂಡಳಿ ಹಳೆಯ ತಂಡಗಳ ಆರರ ಮಿತಿಯನ್ನು ಮತ್ತೆ ಇಳಿಸುತ್ತದೆಯೋ, ಬಿಟ್ಟುಕೊಟ್ಟ ತಂಡಕ್ಕೆ ಹೊಸ ಮಾಲೀಕರ ಶುಲ್ಕದಿಂದ ಪಾಲು ಕೊಡುತ್ತದೆಯೋ, ಅದನ್ನು ಒಂದು ಸೀಸನ್ ಮೊದಲೇ ಹೇಳುತ್ತದೆಯೋ ಎಂಬುದರ ಮೇಲೆ ಅಭಿಮಾನಿಗಳ ಮುಂದಿನ ತಕರಾರಿನ ಗಾತ್ರ ನಿಂತಿದೆ.